ಗ್ರಂಥ ನಡೆದ ದಾರಿ

ಮಠದ ಗ್ರಂಥಭಂಡಾರದ ಬೀಗದಕೈ ಹಲವು ವರ್ಷ ನನ್ನ ವಶದಲ್ಲಿತ್ತು. ಒಮ್ಮೆ ದೂರದ ಊರಿನ ವಿದ್ಯಾರ್ಥಿಯೊಬ್ಬನು ಬಂದು, ಒಂದು ಓಲೆಗರಿಯ ಕಟ್ಟನ್ನು ಪ್ರತಿ ಮಾಡಿಕೊಳ್ಳಲು ಬೇಡಿದನು. ಹಾಳಾದೀತೆಂಬ ಭಯದಿಂದ ನಾನು ಕೊಡಲಿಲ್ಲ. ಎರಡು ಮಳೆಗಾಲ ಕಳೆದು ಕಟ್ಟು ಬಿಚ್ಚಿದಾಗ ಗೆದ್ದಲು ಅದನ್ನು ಓದಿ ಮುಗಿಸಿತ್ತು. ಅದರ ಇನ್ನೊಂದು ಪ್ರತಿ ಎಲ್ಲಿಯೂ ದೊರೆಯಲಿಲ್ಲ.

ಆ ಪಶ್ಚಾತ್ತಾಪವೇ ನನ್ನನ್ನು ಯುರೋಪಿನ ಪುನರುಜ್ಜೀವನದ ಇತಿಹಾಸದತ್ತ ಎಳೆಯಿತು. ಇಟಲಿಯ ಕೆಲವೇ ನಗರಗಳಲ್ಲಿ ಮೂಡಿದ ವಿದ್ಯೆ ಮತ್ತು ಕಲೆಗಳ ಹೊಸ ಎಚ್ಚರವು ಇಡೀ ಖಂಡಕ್ಕೆ ಹಬ್ಬಿದ್ದು ಹೇಗೆ?

ಮೊದಲ ಹೆಜ್ಜೆ ಹುಡುಕಾಟ. 1345ರಲ್ಲಿ ಕವಿ ಪೆಟ್ರಾರ್ಕನು ವೆರೋನಾದಲ್ಲಿ ಸಿಸೆರೋನ ಪತ್ರಗಳನ್ನು ಕಂಡು ಪ್ರತಿ ಮಾಡಿಕೊಂಡನು. 1416ರಲ್ಲಿ ಪೊಜ್ಜೊ ಬ್ರಾಚ್ಚೊಲೀನಿಯು ಇಂದಿನ ಸ್ವಿಟ್ಜರ್ಲೆಂಡಿನ ಸಂತ ಗಾಲ್ ಮಠದಲ್ಲಿ, ಗೋಪುರದ ತಳದ ಕತ್ತಲೆಯಲ್ಲಿ ಧೂಳು ತಿನ್ನುತ್ತಿದ್ದ ಕ್ವಿಂಟಿಲಿಯನ್ನನ ವಾಗ್ಮಿತಾಶಾಸ್ತ್ರದ ಪೂರ್ಣ ಪ್ರತಿಯನ್ನು ಕಂಡು, ಕೈಯಾರೆ ಬರೆದುಕೊಂಡನು. ಅದನ್ನು ಶತಮಾನಗಳ ಕಾಲ ಉಳಿಸಿದವರೂ ಸನ್ಯಾಸಿಗಳೇ, ಮರೆತವರೂ ಸನ್ಯಾಸಿಗಳೇ! ಈ ಸಾಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಎರಡನೆಯದು ಗುರುಗಳ ಸಂಚಾರ. ಕಾನ್‌ಸ್ಟಾಂಟಿನೋಪಲಿನ ಮ್ಯಾನುಯೆಲ್ ಕ್ರಿಸೊಲೊರಾಸನು 1397ರಲ್ಲಿ ಫ್ಲಾರೆನ್ಸಿಗೆ ಬಂದು ಗ್ರೀಕ್ ಕಲಿಸಿದನು. 1453ರಲ್ಲಿ ಆ ರಾಜಧಾನಿ ಪತನವಾದ ಮೇಲೆ, ಗ್ರೀಕ್ ವಿದ್ವಾಂಸ ಬೆಸ್ಸಾರಿಯೋನನು 1468ರಲ್ಲಿ ತನ್ನ ಗ್ರಂಥಸಂಪತ್ತನ್ನು ವೆನಿಸ್ ನಗರಕ್ಕೆ ದಾನ ಮಾಡಿದನು.

ಮೂರನೆಯದು ಮುದ್ರಣ. ಸುಮಾರು 1455ರ ವೇಳೆಗೆ ಜರ್ಮನಿಯ ಮೈಂಟ್ಸ್‌ನಲ್ಲಿ ಗುಟೆನ್‌ಬರ್ಗನ ಬೈಬಲ್ ಹೊರಬಂದಿತು. 1462ರಲ್ಲಿ ಆ ನಗರ ಸೂರೆಯಾದಾಗ ಮುದ್ರಕರು ಚದುರಿದರು. ಅವರೊಡನೆ ವಿದ್ಯೆಯೂ ಚದುರಿತು. ಇಟಲಿಯ ಮೊದಲ ಮುದ್ರಣಾಲಯ ಏರ್ಪಟ್ಟದ್ದು ಸುಬಿಯಾಕೊ ಎಂಬಲ್ಲಿಯ ಒಂದು ಮಠದಲ್ಲಿ. ವೆನಿಸ್‌ನ ಆಲ್ಡಸ್ ಮನುಷಿಯಸನು 1501ರಿಂದ ಪ್ರಾಚೀನ ಕಾವ್ಯಗಳನ್ನು ಕೈಯಲ್ಲಿ ಹಿಡಿಯಬಹುದಾದ ಕಿರುಗ್ರಂಥಗಳಾಗಿ ಅಚ್ಚುಹಾಕಿದನು. ಹಾಲೆಂಡಿನ ಎರಾಸ್ಮಸನು 1508ರಲ್ಲಿ ಅವನ ಬಳಿಯಲ್ಲಿಯೇ ಇದ್ದು ತನ್ನ ಗಾದೆಗಳ ಸಂಗ್ರಹವನ್ನು ಹಿಗ್ಗಿಸಿದನು.

ಕಲೆಯೂ ಹೀಗೆಯೇ ನಡೆಯಿತು. ಜರ್ಮನಿಯ ಡ್ಯೂರರನು ಆಲ್ಪ್ಸ್ ದಾಟಿ ವೆನಿಸ್‌ಗೆ ಬಂದನು. ಲಿಯೊನಾರ್ಡೊ ತನ್ನ ಕಡೆಗಾಲದಲ್ಲಿ ಫ್ರಾನ್ಸಿಗೆ ಹೋದನು. ದಾರಿ ಏಕಮುಖವಾಗಿರಲಿಲ್ಲ: ಫ್ಲಾಂಡರ್ಸಿನ ಹ್ಯೂಗೊ ವಾನ್ ಡರ್ ಗೂಸ್‌ನ ತೈಲಚಿತ್ರ 1483ರಲ್ಲಿ ಫ್ಲಾರೆನ್ಸಿಗೆ ಬಂದಾಗ ಅಲ್ಲಿಯ ಚಿತ್ರಕಾರರೇ ಅದರಿಂದ ಕಲಿತರು.

ಹಂಗೇರಿಯ ದೊರೆ ಮಥಿಯಾಸನು ಬುಡಾ ನಗರದಲ್ಲಿ ಭವ್ಯ ಗ್ರಂಥಾಲಯವನ್ನು ಕಟ್ಟಿದನು. 1490ರಲ್ಲಿ ಅವನು ತೀರಿಕೊಂಡ ಬಳಿಕ ಅದು ಚದುರಿಹೋಯಿತು. ಅರಮನೆಯ ಬಂಗಾರದ ಹೊದಿಕೆಗಿಂತ ಹಲವು ಕೈಗಳಲ್ಲಿ ಹರಡಿದ ಸಾಮಾನ್ಯ ಪ್ರತಿಗಳೇ ವಿದ್ಯೆಯನ್ನು ಭದ್ರವಾಗಿ ಕಾಯ್ದವು. ಬೀಗ ರಕ್ಷಣೆಯೆಂದು ನಂಬಿದ್ದ ನನಗೆ ಈ ಪಾಠ ತಡವಾಗಿ ತಿಳಿಯಿತು.

ಈಗ ಕೇಳಿದವರಿಗೆಲ್ಲ ಪ್ರತಿ ಮಾಡಿಕೊಳ್ಳಲು ಕೊಡುತ್ತೇನೆ. ಓದುಗ ಬಂಧುಗಳ ಮನೆಯ ಅಟ್ಟದಲ್ಲಿ ಹಿರಿಯರ ಕಟ್ಟೊಂದು ಇದ್ದರೆ ಈ ಮಳೆಗಾಲಕ್ಕೆ ಮುನ್ನವೇ ಬಿಚ್ಚಿ ನೋಡಿರಿ, ಬಲ್ಲವರಿಗೆ ತೋರಿಸಿರಿ. ಅಂದು ಬರಿಗೈಯಲ್ಲಿ ಹಿಂದಿರುಗಿದ ಆ ವಿದ್ಯಾರ್ಥಿ ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ.