ಬೆಂಕಿ ಕಾಯ್ದ ಬೇಸಿಗೆ

ಸಿರಸಿ, ಸಿದ್ದಾಪುರ, ಯಲ್ಲಾಪುರ ಅಂದರೆ ಸಿನಿಮಾ ಮಂದಿಗೆ ಮಳೆ, ಮಂಜು, ಜಲಪಾತ! 1996ರ 'ನಮ್ಮೂರ ಮಂದಾರ ಹೂವೆ' ಯಾಣದ ಕಪ್ಪು ಬಂಡೆಗಳನ್ನು ತೆರೆಗೆ ತಂದ ಮೇಲಂತೂ ಕೇಳುವುದೇ ಬೇಡ. ಆದರೆ ಈ ಸೀಮೆಗೆ ಬೇಸಿಗೆಯೂ ಉಂಟು. ಅದನ್ನು ನಾನು ಕಂಡಿದ್ದು ಕೂಲಿ ಆಳಾಗಿ.

ಅಣಶಿ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. ಮರುವರ್ಷದ ಕಾಲೇಜು ರಜೆಯಲ್ಲಿ ಯಲ್ಲಾಪುರದಾಚೆಯ ಕಾಡಂಚಿನಲ್ಲಿ ನನಗೆ ಬೆಂಕಿ ಕಾಯುವ ಕೆಲಸ. ತೇಗದ ನೆಡುತೋಪಿನಲ್ಲಿ ಉದುರಿದ ಎಲೆ ಹಪ್ಪಳದಂತೆ ಒಣಗಿರುತ್ತದೆ. ಒಂದು ಬೀಡಿ ತುಂಡು ಸಾಕು! ಬೆಂಕಿಗೆರೆಯ ತರಗು ಗುಡಿಸುವುದು, ಹೊಗೆ ಕಂಡರೆ ಓಡುವುದು, ಇಷ್ಟೇ ಕೆಲಸ.

ಒಂದು ಮಧ್ಯಾಹ್ನ ಬೆಂಕಿ ಗೆರೆ ದಾಟಿಯೇ ಬಿಟ್ಟಿತು. ನನಗೆ ಕೈಕಾಲೇ ಆಡಲಿಲ್ಲ. ಎಮ್ಮೆ ಕಾಯುತ್ತಿದ್ದ ಗೌಳಿ ಅಜ್ಜ ಓಡಿ ಬಂದ. "ತಮ್ಮಾ, ಹಸಿ ಟೊಂಗೆ ಮುರಿ. ಗಾಳಿಗೆ ಬೆನ್ನು ಕೊಟ್ಟು ಬಡಿ!" ಅಂದ. ಅವನ ಮನೆಮಂದಿಯೆಲ್ಲ ಬಂದರು. ಸಂಜೆಯೊಳಗೆ ಬೆಂಕಿ ಸತ್ತಿತು.

ಕೂಲಿ ಸಿಕ್ಕಿದ್ದು ನನಗೆ. ಅಜ್ಜನಿಗೆ ಸಿಕ್ಕಿದ್ದು ಎಚ್ಚರಿಕೆ! ರಾಷ್ಟ್ರೀಯ ಉದ್ಯಾನದೊಳಗೆ ಜಾನುವಾರು ಮೇಯಿಸುವಂತಿಲ್ಲ ಅನ್ನುತ್ತದೆ 1972ರ ವನ್ಯಜೀವಿ ಕಾಯಿದೆ. "ಎಮ್ಮೆಗೆ ಗಡಿಕಲ್ಲು ಓದಲು ಬರ್ತದೇನೋ ತಮ್ಮಾ?" ಎಂದು ಅಜ್ಜ ನಕ್ಕ. ನನಗೆ ನಗು ಬರಲಿಲ್ಲ.

1983ರಲ್ಲಿ ಸಿರಸಿ ಪಕ್ಕದ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಕೊಡಲಿ ತಡೆದರು. ಆ ಅಪ್ಪಿಕೋ ಚಳವಳಿ ಲೋಕಕ್ಕೇ ಗೊತ್ತು. ಟೊಂಗೆ ಹಿಡಿದು ಬೆಂಕಿ ತಡೆದವರನ್ನು ಕೇಳುವವರಿಲ್ಲ. ಅಣಶಿ, ದಾಂಡೇಲಿ ಕಾಡುಗಳು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹುಲಿಯೂ ಬಾಳಲಿ, ಅಜ್ಜನ ಮೊಮ್ಮಕ್ಕಳೂ ಬಾಳಲಿ. ಸಿದ್ದಾಪುರದ ಉಂಚಳ್ಳಿಗೋ ಯಲ್ಲಾಪುರದ ಮಾಗೋಡಿಗೋ ಹೋದಾಗ ಬೀಡಿ ತುಂಡು ಮಾತ್ರ ಎಸೆಯಬೇಡಿ ಮಾರಾಯ್ರೆ!