ಕಬ್ಬೂರಿನ ಎರೆಹುಳು, ಕುರುಸಡೈ ಮರಳಿನ ಹುಳು

ಮಳೆಯಾದ ಮಾರನೆಯ ಬೆಳಿಗ್ಗೆ ಕಬ್ಬೂರಿನ ನಮ್ಮ ಕಬ್ಬಿನ ಹೊಲದಲ್ಲಿ ನಿಂತಿದ್ದೆ. ಚಿಕ್ಕೋಡಿ ಸೀಮೆಯ ಮಣ್ಣು ಹಸಿಯಾದರೆ ಬದುವಿನ ತುಂಬ ಎರೆಹುಳು ಉಗುಳಿದ ಮಣ್ಣಿನ ಗುಪ್ಪೆ. ತಮ್ಮನ ಮಗ ಸಲಿಕೆ ಎತ್ತಿ ಕೂಗಿದ: “ಕಾಕಾ, ಎರಡ ತುಂಡಾತ ನೋಡ್ರಿ. ಎರಡೂ ಹೊಳ್ಳಾಡಾಕ್ಹತ್ಯಾವು. ಇದರ ತಲಿ ಯಾವದು?”

ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಇದೇನು ಕಷ್ಟದ ಪ್ರಶ್ನೆಯಲ್ಲ. ಎರೆಹುಳುವಿಗೆ ಬಾಯಿಯ ಕಡೆ ಪುಟ್ಟ ಮಿದುಳಿದೆ, ನರದ ಹುರಿ ಹೊಟ್ಟೆಯ ಕೆಳಗೆ ಸಾಗುತ್ತದೆ. ನಮ್ಮದು ಬೆನ್ನಿನಲ್ಲಿ. ಹೇಳಿದೆ. ಆದರೆ ನನ್ನ ಮನಸ್ಸು ಓಡಿದ್ದು ಪಾಂಬನ್ ಬಳಿಯ ಕುರುಸಡೈ ದ್ವೀಪಕ್ಕೆ.

ಹಿಂದೊಮ್ಮೆ ವಿದ್ಯಾರ್ಥಿಗಳನ್ನು ಮನ್ನಾರ್ ಕೊಲ್ಲಿಯ ಆ ದ್ವೀಪಕ್ಕೆ ಕರೆದೊಯ್ದಿದ್ದೆ. ನೀರು ಇಳಿದಾಗ ಮರಳ ಮೇಲೆ ಇಂಥವೇ ಗುಪ್ಪೆಗಳು! ಅಗೆದರೆ ಹಳದಿ ಬಣ್ಣದ ಮೆತ್ತನೆಯ ಹುಳು, ಟೈಕೋಡೆರಾ ಫ್ಲಾವಾ. ಮುಂದೆ ಗಿಡ್ಡ ಸೊಂಡಿಲು, ನಡುವೆ ಕೊರಳಪಟ್ಟಿ, ಹಿಂದೆ ಉದ್ದನೆಯ ಮೈ. ಮುಟ್ಟಿದ ಕೈಗೆಲ್ಲ ದವಾಖಾನೆಯ ಘಾಟು. ಇದೂ ಮರಳು ತಿಂದು ಮರಳು ಹೊರಹಾಕುವ ಜೀವಿ. ನಮ್ಮ ಬಿ.ಎಸ್ಸಿ. ಹುಡುಗರು ಬಾಟಲಿಯಲ್ಲಷ್ಟೇ ಕಂಡ ಬಲನೋಗ್ಲಾಸಸ್‌ನ ದಾಯಾದಿ.

ನೋಡಲು ಎರೆಹುಳುವಿನಂತಿದ್ದರೂ ಅದು ನಮಗೇ ಹತ್ತಿರದ ನೆಂಟ. ಕಿವಿರುಸೀಳುಗಳಿವೆ, ಕೊರಳಪಟ್ಟಿಯೊಳಗೆ ಬೆನ್ನ ಕಡೆ ನರದ ಹುರಿಯೊಂದು ಒಳಗಿಳಿದು ಕೆಲವು ಜಾತಿಗಳಲ್ಲಿ ಟೊಳ್ಳು ನಾಳವೇ ಆಗಿದೆ. 1880ರ ದಶಕದಲ್ಲಿ ವಿಲಿಯಂ ಬೇಟ್‌ಸನ್ ಇಂಥ ಹುಳುಗಳನ್ನು ಅಭ್ಯಸಿಸಿ, ಇವು ಬೆನ್ನುಹುರಿಯುಳ್ಳವರ ಬಳಗವೆಂದರು. ನಾನೂ 28 ವರ್ಷ ಹಾಗೆಯೇ ಬರೆಸಿದೆ: “ಈ ನಾಳವೇ ನಮ್ಮ ಬೆನ್ನುಹುರಿಯ ಪೂರ್ವರೂಪ.” ಪರೀಕ್ಷೆಗೆ ಖಾತ್ರಿ ಪ್ರಶ್ನೆ. ಹುಡುಗರು ಬಾಯಿಪಾಠ ಮಾಡಿ ಅಂಕ ತಂದರು.

ನಿಜ ಅಷ್ಟು ಸರಳವಲ್ಲ. ಹುಳುವಿನ ನರಗಳಲ್ಲಿ ಬಹುಪಾಲು ಚರ್ಮದ ಬುಡದಲ್ಲೇ ಬಲೆಯಾಗಿ ಹರಡಿವೆ; ಬೆನ್ನಿನಲ್ಲಿ ಹುರಿಯಿರುವಂತೆ ಹೊಟ್ಟೆಯ ಕಡೆಯೂ ಒಂದುಂಟು. ಇಲ್ಲಿಯೇ ಮಿದುಳು ಎಂದು ಬೊಟ್ಟು ಮಾಡುವಂಥದ್ದು ಇಲ್ಲ. 2003ರಲ್ಲಿ ಕ್ರಿಸ್ಟೋಫರ್ ಲೋ ಮತ್ತು ಸಂಗಡಿಗರು ಇದೇ ಬಳಗದ ಸ್ಯಾಕೋಗ್ಲಾಸಸ್‌ನಲ್ಲಿ ಇನ್ನೊಂದು ಸೋಜಿಗ ಕಂಡರು. ನಮ್ಮಲ್ಲಿ ಮಿದುಳಿನ ಮುಂಭಾಗದಿಂದ ಬೆನ್ನುಹುರಿಯವರೆಗಿನ ಭಾಗಗಳನ್ನು ಗುರುತಿಸುವ ಜೀನುಗಳು ಹುಳುವಿನಲ್ಲೂ ಅದೇ ಸರದಿಯಲ್ಲಿವೆ: ಸೊಂಡಿಲು, ಕೊರಳಪಟ್ಟಿ, ಮೈ. ಆದರೆ ಬೆನ್ನಿಗಷ್ಟೇ ಅಲ್ಲ, ಬಳೆ ತೊಡಿಸಿದಂತೆ ಮೈಸುತ್ತಲೂ! ಅಂದರೆ ಮಿದುಳು ಕಟ್ಟುವ ನಕ್ಷೆ ಮಿದುಳಿಗಿಂತ ಹಳೆಯದಿರಬಹುದು. ಹಾಗಾದರೆ ನಮ್ಮ ಪೂರ್ವಜರಿಗೆ ಇದ್ದದ್ದು ಬಲೆಯೋ, ಹುರಿಯೋ? ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ. ತರಗತಿಯಲ್ಲಿ ನಾನು ಮಾತ್ರ ಇತ್ಯರ್ಥ ಮಾಡಿಬಿಟ್ಟಿದ್ದೆ.

“ಆ ಸಮುದ್ರದ ಹುಳದ ತಲಿ ಕತ್ತರಿಸಿದ್ರ?” ಹುಡುಗ ಬಿಡಲಿಲ್ಲ.

“ಟೈಕೋಡೆರಾ ಮತ್ತ ಬೆಳಸ್ಕೋತದ. ಸೊಂಡಿಲು, ಕೊರಳಪಟ್ಟಿ, ಒಳಗಿನ ನರದ ನಾಳ, ಎಲ್ಲಾ.”

“ಮತ್ತ ನಮ್ಮದು?”

“ಬಾಯಿ ಇರೋ ತುಂಡು ಬದುಕಿದ್ರೂ ಬದುಕೀತು.”

ಅವನು ಎರಡನ್ನೂ ಹಸಿ ಮಣ್ಣಿನಲ್ಲಿ ಮುಚ್ಚಿದ. ಕುರುಸಡೈಗೆ ಬಂದಿದ್ದ ಹುಡುಗಿಯೊಬ್ಬಳು ಈಗ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ನನ್ನ ನೋಟ್ಸನ್ನೇ ಇಟ್ಟುಕೊಂಡು ಪಾಠ ಮಾಡುತ್ತೇನೆಂದು ಹೆಮ್ಮೆಯಿಂದ ಹೇಳಿದ್ದಳು. ಮಧ್ಯಾಹ್ನ ಮನೆಗೆ ಬಂದು ಅವಳಿಗೊಂದು ಕಾಗದ ಬರೆಯಲು ಕುಳಿತೆ.