ಎದ್ದ ಕಾರಿಗೆ ಬಿದ್ದವರು

ಹಳೇ ಕಾರಿನ ಹುಚ್ಚಿರುವ ಇಂಗ್ಲಿಷರದ್ದು ಒಂದು ವಿಚಿತ್ರ ಹೆಮ್ಮೆ. ಕಾರು ಎಷ್ಟು ವರ್ಷ ಓಡಿತು ಎಂದು ಯಾರೂ ಜಂಬ ಕೊಚ್ಚುವುದಿಲ್ಲ, ಎಷ್ಟು ವರ್ಷ ಓಡದೆ ನಿಂತಿತ್ತು ಎನ್ನುವುದೇ ಅದರ ಹೆಗ್ಗಳಿಕೆ. ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ಹುಲ್ಲಿನ ಮಧ್ಯೆ ಬಿದ್ದಿತ್ತು, ಮೊನ್ನೆ ಎಬ್ಬಿಸಿದ್ದೇವೆ, ಹತ್ತಿ ಕೂತು ಓಡಿಸಿಕೊಂಡು ಹೋಗಬಹುದು ಎನ್ನುವ ಧಾಟಿಯ ಜಾಹೀರಾತು ಕಂಡರೆ ಸಾಕು, ನಿವೃತ್ತಿಯ ಹೊಸ್ತಿಲಲ್ಲಿರುವ ಗಂಡಸರು ಓದುವ ಕನ್ನಡಕ ಹುಡುಕತೊಡಗುತ್ತಾರೆ. ನಮ್ಮೂರಲ್ಲಾದರೆ ಅಷ್ಟು ವರ್ಷ ನಿಂತ ಗಾಡಿಯನ್ನು ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳುತ್ತಾನೆ. ಅಲ್ಲಿ ಧೂಳಿಗೂ ಬೆಲೆ. ಬಾನೆಟ್ಟಿನ ಮೇಲಿನ ಪಾರಿವಾಳದ ಹಿಕ್ಕೆಯನ್ನು ಒರೆಸದೆ ಹಾಗೇ ಫೋಟೋ ತೆಗೆಸುವ ವ್ಯಾಪಾರಿಗಳೂ ಇದ್ದಾರೆ.

ಈ ಹುಚ್ಚು ಆಕ್ಸ್‌ಫರ್ಡ್‌ಶೈರಿನಲ್ಲಿ ನೆಲೆ ನಿಂತಿರುವ ನನ್ನ ಷಡ್ಡಕರಿಗೂ ತಗುಲಿತು. ಬೇಸಿಗೆಯಲ್ಲಿ ಅವರ ಮನೆಗೆ ಹೋಗಿದ್ದ ನನಗೆ ಮಾಡಲು ಬೇರೆ ಕೆಲಸವಿರಲಿಲ್ಲವಾದ್ದರಿಂದ ಬಾಲದಂತೆ ಹಿಂದೆ ಹೋದೆ. ಅವರ ಕಣ್ಣು ಮೊದಲು ಬಿದ್ದದ್ದು ಜಾಗ್ವಾರ್ ಇ-ಟೈಪ್ ಮೇಲೆ. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಅದನ್ನು ಮೊದಲು ತೋರಿಸಿದಾಗ ಹತ್ತಿ ನೋಡುವವರ ಸಾಲು ಎಷ್ಟು ಬೆಳೆಯಿತೆಂದರೆ, ಇನ್ನೊಂದು ಕಾರು ತಗೊಂಡು ಬಾ ಎಂದು ಕವೆಂಟ್ರಿಗೆ ಹೇಳಿಕಳಿಸಬೇಕಾಯಿತು. ಕಂಪನಿಯ ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ರಾತ್ರೋರಾತ್ರಿ ಓಡಿಸಿಕೊಂಡು ಹೋಗಿ ಬೆಳಗ್ಗೆ ಜಿನೀವಾ ಮುಟ್ಟಿಸಿದ. ಈ ಕತೆಯನ್ನು ಷಡ್ಡಕರು ಊಟದ ಮೇಜಿನಲ್ಲಿ ಹೇಳುತ್ತಿದ್ದಾಗ ನಾದಿನಿ ಸಾರು ಬಡಿಸುತ್ತಾ, "ಅದರ ರೇಟು ಎಷ್ಟು ಅಂತಲೂ ಭಾವಂಗೆ ಹೇಳಿ" ಅಂದಳು. ಒಳ್ಳೆಯ ಇ-ಟೈಪಿನ ದುಡ್ಡಿಗೆ ಬೆಂಗಳೂರಿನ ಅಂಚಿನಲ್ಲಿ ಒಂದು ಫ್ಲಾಟು ಬರುತ್ತದೆ. ಸಾರು ಮುಗಿಯುವುದರೊಳಗೆ ಷಡ್ಡಕರು ಇ-ಟೈಪಿನಿಂದ ಎಂ.ಜಿ.ಬಿ.ಗೆ ಇಳಿದಿದ್ದರು.

ಎಂ.ಜಿ. ಎಂದರೆ ನಮ್ಮವರಿಗೆ 2019ರಲ್ಲಿ ಬಂದ ಹೆಕ್ಟರ್ ನೆನಪಾಗುತ್ತದೆ. ಅದು ಚೀನಾದ ಮಾಲೀಕರ ಕೈಗೆ ಬಂದ ಮೇಲಿನ ಮಾತು. ಮೂಲದಲ್ಲಿ ಅದು ಮಾರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನಲ್ಲಿ ಮಾರಿಸ್ ಕಾರು ಮಾರುತ್ತಿದ್ದ ಅಂಗಡಿ. ಅದರ ಮ್ಯಾನೇಜರ್ ಸೆಸಿಲ್ ಕಿಂಬರ್ ಎಂಬಾತ ಸಾಧಾರಣ ಮಾರಿಸ್ ಕಾರುಗಳಿಗೆ ಚೆಂದದ ಮೈ ಹೊದಿಸಿ ಮಾರತೊಡಗಿದ್ದೇ ಎಂ.ಜಿ.ಗೆ ಮೂಲ. ಆಮೇಲೆ ಪಕ್ಕದ ಆಬಿಂಗ್ಡನ್ ಊರಿಗೆ ಕಾರ್ಖಾನೆ ಹೋಯಿತು. ಎಂ.ಜಿ.ಬಿ. ಹುಟ್ಟಿದ್ದು ಅಲ್ಲೇ, 1962ರಲ್ಲಿ. 1980ರಲ್ಲಿ ಕಾರ್ಖಾನೆ ಬಾಗಿಲು ಹಾಕುವವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದವು. ಹೆಚ್ಚಿನವು ಅಮೆರಿಕಕ್ಕೆ ಹಡಗು ಹತ್ತಿದವು.

ಮುಂದೆ ಇಂಥ ಕಾರೊಂದರ ಬಾನೆಟ್ ಎತ್ತಿ ತೋರಿಸಿದಾಗ ನನಗೆ ಸಣ್ಣಗೆ ನಗು ಬಂತು. ಅದರ 1798 ಸಿ.ಸಿ. ಎಂಜಿನ್ ಬ್ರಿಟಿಷ್ ಮೋಟರ್ ಕಾರ್ಪೊರೇಶನ್ನಿನವರ (ಬಿ.ಎಂ.ಸಿ.) ಬಿ-ಸೀರೀಸ್ ವಂಶದ್ದು. ನಮ್ಮ ಅಂಬಾಸಡರಿನಲ್ಲಿ ದಶಕಗಟ್ಟಲೆ ಕೂತಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನೂ ಅದೇ ವಂಶದ್ದು. ಅಂಬಾಸಡರೇ ಮಾರಿಸ್ ಆಕ್ಸ್‌ಫರ್ಡ್ ಅಲ್ಲವೇ! ಎಂದರೆ, ಸರ್ಕಾರಿ ಸಾಹೇಬರನ್ನು ತಹಶೀಲ್ದಾರ್ ಕಚೇರಿಗೆ ಹೊತ್ತು ಸಾಗಿಸಿದ ಎಂಜಿನ್ನಿನ ಅಣ್ಣ ಇಲ್ಲಿ ಎರಡು ಎಸ್‌.ಯು. ಕಾರ್ಬ್ಯುರೇಟರ್ ತೊಟ್ಟು ರಸಿಕನಾಗಿ ಮೆರೆಯುತ್ತಿದ್ದಾನೆ. ಟಾಪೆಟ್ ಸದ್ದು ಕೂಡ ಪರಿಚಿತವೇ. ಹಾಸನದ ಯಾವ ಹಳೇ ಮೇಸ್ತ್ರಿಯನ್ನು ಕರೆತಂದು ನಿಲ್ಲಿಸಿದರೂ ಅರ್ಧ ಗಂಟೆಯಲ್ಲಿ ಟ್ಯೂನ್ ಮಾಡಿಕೊಟ್ಟಾನು.

ಇರಲಿ, ನಿಂತ ಕಾರನ್ನು ಎಬ್ಬಿಸುವ ವಿಷಯಕ್ಕೆ ಬರೋಣ. ಇದು ಪೂರಾ ಬಿಚ್ಚಿ, ಬಣ್ಣ ಕೆರೆದು, ಹೊಸದರಂತೆ ಕಟ್ಟುವ ರೆಸ್ಟೋರೇಶನ್ ಅಲ್ಲ. ಇಲ್ಲಿ ಕಾರು ಇದ್ದ ಹಾಗೇ ಇರುತ್ತದೆ, ಓಡಲು ಬೇಕಾದಷ್ಟನ್ನು ಮಾತ್ರ ಸರಿಮಾಡುತ್ತಾರೆ. ಬಹಳ ಕಾಲ ನಿಂತ ಟ್ಯಾಂಕಿನಲ್ಲಿ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುವ ಅಂಟಾಗಿರುತ್ತದೆ. ಅದನ್ನು ಚೆಲ್ಲಿ, ಟ್ಯಾಂಕ್ ತೊಳೆದು, ಪೈಪು ಬದಲಿಸಿ, ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ನಿಂತಲ್ಲೇ ಸಿಲಿಂಡರುಗಳನ್ನು ಒಳಗಿನಿಂದ ತುಕ್ಕು ಹಿಡಿಸಿರುತ್ತದೆ, ರಬ್ಬರುಗಳು ಬಿರಿದಿರುತ್ತವೆ. ಹಾಗಾಗಿ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಗಾಲಿಯ ಹೋಸುಗಳವರೆಗೆ ಎಲ್ಲ ಹೊಸದು. ಕ್ಲಚ್ ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಂಡಿರಬಹುದು. ಟೈರಿನಲ್ಲಿ ಗುಂಡಿಯಷ್ಟು ಆಳದ ಪಟ್ಟೆ ಇದ್ದರೂ ವಯಸ್ಸಾದ ರಬ್ಬರನ್ನು ನಂಬುವ ಹಾಗಿಲ್ಲ. ಎಂಜಿನ್ನಿಗೆ ಮಾತ್ರ ತಾಳ್ಮೆ ಬೇಕು. ಪ್ಲಗ್ ಬಿಚ್ಚಿ ಬೋರಿಗೆ ಆಯಿಲ್ ಹನಿಸಿ, ಕೆಲವು ದಿನ ಬಿಟ್ಟು, ಮೊದಲು ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ ನೋಡಬೇಕು. ಎದ್ದ ಕೂಡಲೇ ಸೆಲ್ಫ್ ಹೊಡೆಯುವ ಆತುರಗಾರರು ಪಿಸ್ಟನ್ ರಿಂಗ್ ಮುರಿದು ಕೈ ತೊಳೆದುಕೊಳ್ಳುತ್ತಾರೆ.

ಇವೆಲ್ಲ ಮಾಡಿದ ಪಟ್ಟಿಯನ್ನು ಮಾರುವವರು ಬಿಲ್ಲುಗಳ ಸಮೇತ ಫೈಲಿನಲ್ಲಿ ಇಟ್ಟು ಕೊಡುತ್ತಾರೆ. ಕೊಳ್ಳುವವರು ಅದನ್ನು ಭಕ್ತಿಯಿಂದ ಪಾರಾಯಣ ಮಾಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಆ ಪಟ್ಟಿಯಲ್ಲಿ ಇರುವುದು ನಿದ್ದೆಯಿಂದ ಬಂದ ಕಾಯಿಲೆಗಳ ಚಿಕಿತ್ಸೆ. ಕಾರು ಮಲಗಿದ್ದೇಕೆ ಎನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಓಡುತ್ತಿದ್ದ ಕಾರನ್ನು ಯಾರೋ ಒಬ್ಬರು ಒಂದು ದಿನ ನಿಲ್ಲಿಸಿದರು. ಸುಮ್ಮನೆ ಯಾರೂ ನಿಲ್ಲಿಸುವುದಿಲ್ಲ. ಎಂ.ಜಿ.ಬಿ.ಯ ಕ್ಲಚ್ ಪ್ಲೇಟು ದುಬಾರಿಯದ್ದಲ್ಲ, ಆದರೆ ಅದನ್ನು ಹಾಕಲು ಎಂಜಿನ್ ಹೊರಗೆ ಎತ್ತಬೇಕು. ಗ್ಯಾರೇಜಿನವನು ಹೇಳಿದ ಮಜೂರಿ ಕೇಳಿ ಮುಂದಿನ ತಿಂಗಳು ನೋಡೋಣ ಎಂದು ಮೂಲೆಗೆ ತಳ್ಳಿದವರಿದ್ದಾರೆ. ಆ ಮುಂದಿನ ತಿಂಗಳು ಮೂವತ್ತು ವರ್ಷವಾಗುತ್ತದೆ.

ನಾವು ನೋಡಲು ಹೋದ ಮೊದಲ ಕಾರು 1966ರದ್ದು, ಕೆಂಪು ಬಣ್ಣ, ತಂತಿಯ ಕಡ್ಡಿಗಳ ಚಕ್ರ, ಕಪ್ಪು ನಂಬರ್ ಪ್ಲೇಟು. ಮಾರುವಾತ ಸಭ್ಯ ಮನುಷ್ಯ, ಹೋದ ಕೂಡಲೇ ಟೀ ಕೊಟ್ಟ. ಷಡ್ಡಕರು ಸ್ಟೀರಿಂಗ್ ಹಿಡಿದು ಕೂತು ಇಪ್ಪತ್ತು ವರ್ಷದ ಹುಡುಗನಾಗಿದ್ದರು. ಅವರಿಗೆ ಆ ಗಳಿಗೆಯಲ್ಲಿ ಏನು ಹೇಳಿದರೂ ಕಿವಿಗೆ ಬೀಳುತ್ತಿರಲಿಲ್ಲ. ನಾನು ಫೈಲು ತಿರುವಿ ಹಾಕುತ್ತಾ ಹಿಂದಕ್ಕೆ ಹೋದೆ. ಹೊಸ ಬಿಲ್ಲುಗಳ ಕೆಳಗೆ ಹಳದಿಯಾದ ಕಾಗದಗಳು, ಅವುಗಳ ತಳದಲ್ಲಿ ಎಂ.ಒ.ಟಿ. ಫೇಲಾದ ಚೀಟಿ. ಎಂ.ಒ.ಟಿ. ಎಂದರೆ ಅಲ್ಲಿ ವರ್ಷಕ್ಕೊಮ್ಮೆ ಮಾಡಿಸಬೇಕಾದ ಕಾರಿನ ಫಿಟ್‌ನೆಸ್ ಪರೀಕ್ಷೆ. ಎರಡೂ ಬದಿಯ ಸಿಲ್‌ಗಳಿಗೆ ತುಕ್ಕು ಎಂದು ಬರೆದಿತ್ತು. ಕಾರು ಮಲಗಿದ್ದು ಆ ಚೀಟಿ ಬಂದ ಮೇಲೆ. ಎಬ್ಬಿಸಿದವರ ಪಟ್ಟಿಯಲ್ಲಿ ಬ್ರೇಕಿತ್ತು, ಟೈರಿತ್ತು, ಟ್ಯಾಂಕಿತ್ತು. ಸಿಲ್ ಇರಲಿಲ್ಲ. ಮಾರುವಾತ ಏನನ್ನೂ ಮುಚ್ಚಿಟ್ಟಿರಲಿಲ್ಲ, ಚೀಟಿ ಫೈಲಿನಲ್ಲೇ ಇತ್ತು. ಅಷ್ಟು ಹಿಂದಕ್ಕೆ ಓದಿದವರು ಇಲ್ಲ, ಅಷ್ಟೇ.

ಸಿಲ್ ಎಂದರೆ ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ತಗಡಿನ ತೊಲೆ. ಅಂದಿನ ಅನೇಕ ಸ್ಪೋರ್ಟ್ಸ್ ಕಾರುಗಳಿಗೆ ಇದ್ದಂಥ ಪ್ರತ್ಯೇಕ ಚಾಸಿ ಎಂ.ಜಿ.ಬಿ.ಗೆ ಇಲ್ಲ, ಮೈಯೇ ಚಾಸಿ. ಮೇಲ್ಛಾವಣಿ ಇಲ್ಲದ ರೋಡ್‌ಸ್ಟರ್‌ನಲ್ಲಿ ಮೂತಿಯನ್ನೂ ಬಾಲವನ್ನೂ ಹಿಡಿದಿಡುವ ಭಾರವೆಲ್ಲ ಈ ಸಿಲ್‌ಗಳ ಮೇಲೆ. ಚಳಿಗಾಲದಲ್ಲಿ ಇಂಗ್ಲೆಂಡಿನ ರಸ್ತೆಗಳಿಗೆ ಹಿಮ ಕಟ್ಟದ ಹಾಗೆ ಉಪ್ಪು ಎರಚುತ್ತಾರೆ. ಚೆಷೈರಿನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕೆಂದೇ ನೆಲದಡಿಯಿಂದ ಕಲ್ಲುಪ್ಪು ಅಗೆಯುವ ದೊಡ್ಡ ಗಣಿಯಿದೆ. ಉಪ್ಪು ತಿಂದದ್ದು ನೀರು ಕುಡಿಯಲೇಬೇಕು. ಕುಡಿದು ಕುಡಿದು ಸಿಲ್ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಫಳಫಳ.

ಇದನ್ನು ಸರಿಯಾಗಿ ರಿಪೇರಿ ಮಾಡಬೇಕೆಂದರೆ ಹೊರ ತಗಡು, ಒಳ ತಗಡು, ನಡುವಿನ ತಗಡು ಮೂರನ್ನೂ ಕತ್ತರಿಸಿ ಹೊಸದು ಹಾಕಬೇಕು. ಮುಂದಿನ ಮಡ್‌ಗಾರ್ಡಿನ ಹಿಂದೆಯೂ ಸಿಲ್ ನುಗ್ಗಿರುವುದರಿಂದ ಅದರ ಕೆಳಭಾಗವನ್ನೂ ಬಿಡಿಸಬೇಕು. ಅಗ್ಗದ ಟಿಂಕರಿಂಗ್‌ನವನು ಅದೆಲ್ಲ ತಲೆಹರಟೆ ಬೇಡವೆಂದು ಕೊಳೆತದ್ದರ ಮೇಲೆ ಹೊಸ ತಗಡು ಹೊದಿಸಿ ವೆಲ್ಡ್ ಮಾಡಿ, ಪುಟ್ಟಿ ಮೆತ್ತಿ, ಬಣ್ಣ ಬಳಿಯುತ್ತಾನೆ. ಈ ವಿದ್ಯೆಗೆ ದೇಶ ಭಾಷೆಗಳ ಭೇದವಿಲ್ಲ. ಪತ್ತೆ ಹಚ್ಚುವ ಉಪಾಯವೂ ಸರಳ. ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಪುಟ್ಟಿ ಇದ್ದಲ್ಲಿ ಅದು ಕಚ್ಚುವುದಿಲ್ಲ. ಬಾಗಿಲ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದೆಯೇ ನೋಡಿ. ಆಮೇಲೆ ಸಿಲ್ ಕೆಳಗಿನ ಜಾಕ್ ಪಾಯಿಂಟಿಗೆ ಜಾಕ್ ಕೊಟ್ಟು ಎತ್ತಿ, ಬಾಗಿಲು ತೆರೆದು ಮುಚ್ಚಿ. ಮೊದಲು ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಸಿಕ್ಕಿಕೊಂಡರೆ ಮೈ ಮಡಚುತ್ತಿದೆ ಎಂದರ್ಥ. ನಾವು ಎತ್ತಿದೆವು. ಬಾಗಿಲು ಸಿಕ್ಕಿಕೊಂಡಿತು. ಷಡ್ಡಕರ ಮುಖ ನೋಡಲಾಗಲಿಲ್ಲ. ಮಾರುವಾತ ಇನ್ನೊಂದು ಕಪ್ ಟೀ ತಂದ.

ಇಷ್ಟಾದರೂ ಬ್ರಿಟನ್ನಿನಲ್ಲಿ ಆ ಕಾರು ಯಾವ ಪರೀಕ್ಷೆಯೂ ಇಲ್ಲದೆ ನಾಳೆಯೇ ರಸ್ತೆಗಿಳಿಯಬಹುದು. 40 ವರ್ಷ ದಾಟಿ, ದೊಡ್ಡ ಮಾರ್ಪಾಡುಗಳಾಗದ ಕಾರುಗಳಿಗೆ 2018ರ ಮೇ ತಿಂಗಳಿಂದ ಎಂ.ಒ.ಟಿ. ಕಡ್ಡಾಯವಲ್ಲ. ಅಷ್ಟು ಹಳೆಯ ಕಾರುಗಳಿಗೆ ರಸ್ತೆ ತೆರಿಗೆಯೂ ಇಲ್ಲ. ಗಾಡಿಯನ್ನು ಓಡಿಸಲು ಯೋಗ್ಯವಾಗಿ ಇಟ್ಟುಕೊಳ್ಳುವ ಹೊಣೆ ಮಾತ್ರ ಮಾಲೀಕನದ್ದೇ. ಮುದುಕರ ಮೇಲಿನ ಗೌರವದಿಂದ ಮಾಡಿದ ಕಾನೂನು ಇರಬೇಕು. ಆದರೆ ವೈದ್ಯರು ನೋಡಲೇಬೇಕಾದ ವಯಸ್ಸಿನಲ್ಲೇ ವೈದ್ಯರು ಬೇಡ ಎನ್ನುವುದು ಯಾವ ನ್ಯಾಯವೋ ನನಗೆ ತಿಳಿಯದು.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಈ ಕಾರುಗಳಿಗೆ ಅನ್ಯಾಯವಾಗಿದೆ ಎಂದು ನನ್ನ ಅಭಿಪ್ರಾಯ. ದೀಪ, ಡೈನಮೋ, ವೈರಿಂಗ್ ಎಲ್ಲ ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಕಂಪನಿಯದ್ದು. ನಮಗೆ 1961ರಿಂದ ಮದರಾಸಿನ ಲ್ಯೂಕಸ್-ಟಿ.ವಿ.ಎಸ್. ಮೂಲಕ ಗೊತ್ತಿರುವ ಹೆಸರೇ. ಮೂಲ ಲ್ಯೂಕಸ್ ಕಂಪನಿಯ ಸಂಸ್ಥಾಪಕನನ್ನು ಕತ್ತಲ ರಾಜಕುಮಾರ ಎಂದು ಇಂಗ್ಲಿಷರೂ ಅಮೆರಿಕನ್ನರೂ ತಮಾಷೆ ಮಾಡುತ್ತಾರೆ. ಲ್ಯೂಕಸ್ ಸ್ವಿಚ್ಚಿಗೆ ಮಂದ, ಮಿಣಮಿಣ, ಆಫ್ ಎಂದು ಮೂರು ಸ್ಥಾನವಂತೆ. ತಂತಿ ಕೂಡುವಲ್ಲಿ, ಅರ್ತ್ ಬಿಗಿದಲ್ಲಿ ಅರವತ್ತು ವರ್ಷದ ಕಿಲುಬು ಕೂತಿದ್ದರೆ ದೀಪವೇನು ಮಾಡೀತು? ಉಪ್ಪುಕಾಗದದಿಂದ ಉಜ್ಜಿದರೆ ಮುಕ್ಕಾಲು ತೊಂದರೆ ಮಾಯ. ಒಂದು ಎಚ್ಚರಿಕೆಯ ಮಾತು ಇದೆ. 1967ರವರೆಗಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಮೈಗೆ ಜೋಡಿಸಿರುತ್ತಾರೆ. ಬ್ಯಾಟರಿಗಳೂ 6 ವೋಲ್ಟಿನವು ಎರಡು, ಸೀಟಿನ ಹಿಂದೆ ನೆಲದಡಿಯಲ್ಲಿ ಅಡಗಿ ಕೂತಿರುತ್ತವೆ. ಗೊತ್ತಿಲ್ಲದೆ ಈಗಿನ ರೇಡಿಯೋ ಜೋಡಿಸಿದರೆ ಹಾಡಿನ ಬದಲು ಹೊಗೆ ಬರುತ್ತದೆ.

ಪೆಟ್ರೋಲಿನದು ಇನ್ನೊಂದು ರಗಳೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿಗೆ ನೂರಕ್ಕೆ 10 ಪಾಲಿನವರೆಗೆ ಎಥನಾಲ್ ಬೆರೆಯುತ್ತಿದೆ. ಹಳೇ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ. ದುಬಾರಿಯ ಸೂಪರ್ ಹಾಕಿಸಬೇಕು. ಎಥನಾಲ್ ಬೆರೆತ ಇ20 ಪೆಟ್ರೋಲು ಹಾಕಿಸುತ್ತಿರುವ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬಿಡಿಭಾಗಗಳ ಮಟ್ಟಿಗೆ ಎಂ.ಜಿ.ಬಿ.ಯವರು ಪುಣ್ಯವಂತರು. ಮೂಲ ಅಚ್ಚುಗಳನ್ನೇ ಬಳಸಿ ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರಿದ್ದಾರೆ. ಮುಚ್ಚಿದ ಕಾರ್ಖಾನೆಯ ಕಾರಿಗೆ ಇಷ್ಟು ಸೌಕರ್ಯ ಬೇರೆ ಕಡೆ ಕಾಣುವುದು ಅಪರೂಪ. ಹಾಗಾಗಿ ಕೊಳ್ಳುವಾಗ ಹುಡುಕಬೇಕಾದದ್ದು ಒಳ್ಳೆಯ ತಗಡನ್ನೇ ಹೊರತು ಒಳ್ಳೆಯ ಎಂಜಿನ್ನನ್ನಲ್ಲ.

ಷಡ್ಡಕರು ಕೊನೆಗೆ ಕೊಂಡದ್ದೂ ನಿದ್ದೆಯಿಂದ ಎದ್ದ ಕಾರನ್ನೇ. ಬಣ್ಣ ಮಾಸಿತ್ತು, ಸೀಟು ಹರಿದಿತ್ತು, ಸೆಕೆಂಡ್ ಗೇರು ಗೊಣಗುತ್ತಿತ್ತು. ಆದರೆ ಯಾಕೆ ನಿಲ್ಲಿಸಿದಿರಿ ಎಂಬ ಪ್ರಶ್ನೆಗೆ ಮುದುಕ ಮಾಲೀಕ ನಾಚಿಕೊಂಡು ಉತ್ತರ ಕೊಟ್ಟ. ಮಗು ಹುಟ್ಟಿತಂತೆ, ಕಾರಿಗಿದ್ದದ್ದು ಎರಡೇ ಸೀಟು. ಹೆಂಡತಿ ಒಂದು ದೊಡ್ಡ ಕಾರು ತರಿಸಿದಳು, ಇದು ಒಣ ಗ್ಯಾರೇಜಿನಲ್ಲಿ ಹೊದಿಕೆಯಡಿ ಉಳಿಯಿತು. ಇದಕ್ಕಿಂತ ಒಳ್ಳೆಯ ಕಾರಣ ಸಿಗಲಾರದು. ಕಾಯಿಲೆ ಬಂದು ಮಲಗಿದ ಕಾರಲ್ಲ, ಮನೆಯಲ್ಲಿ ತೊಟ್ಟಿಲು ಬಂತೆಂದು ಮಲಗಿದ ಕಾರು. ಜಾಕ್ ಕೊಟ್ಟು ಎತ್ತಿದಾಗ ಬಾಗಿಲು ಮೆತ್ತಗೆ ಮುಚ್ಚಿತು.

ನಾದಿನಿಗೆ ಈಗಲೂ ಸಮಾಧಾನವಿಲ್ಲ. "ಮನೇಲಿ ಓಡದೆ ನಿಂತಿರೋದಕ್ಕೆ ಟ್ರೆಡ್‌ಮಿಲ್ ಒಂದು ಸಾಲದಿತ್ತಾ ಭಾವ?" ಎನ್ನುತ್ತಾಳೆ. ಅವಳ ದೂರಿನಲ್ಲಿ ಹುರುಳಿದೆ. ಹೊಸದಿದ್ದಾಗಲೇ ಆ ಕಾರಿನ ಶಕ್ತಿ 95 ಅಶ್ವಶಕ್ತಿ, ವೇಗ ಗಂಟೆಗೆ 100 ಮೈಲಿಯ ಆಸುಪಾಸು. ಇಂದು ತರಕಾರಿ ತರಲು ಹೋಗುವ ಸಣ್ಣ ಕಾರೂ ಸಿಗ್ನಲ್ಲಿನಲ್ಲಿ ಅದನ್ನು ಹಿಂದೆ ಹಾಕುತ್ತದೆ. ಅಷ್ಟು ಚಳಿಯ ದೇಶದಲ್ಲಿ ಹೀಟರಿಗೆ ಬೇರೆ ದುಡ್ಡು ಕೊಡಬೇಕಿತ್ತು. ಫಸ್ಟ್ ಗೇರಿಗೆ ಸಿಂಕ್ರೊಮೆಶ್ ಇಲ್ಲ, ಡಬಲ್ ಕ್ಲಚ್ ಬಾರದವರು ಪೂರಾ ನಿಲ್ಲಿಸಿಯೇ ಹಾಕಬೇಕು. ಮಳೆ ಬಂದರೆ ಛಾವಣಿ ಏರಿಸುವಷ್ಟರಲ್ಲಿ ಒದ್ದೆ. ಆದರೂ ಟಾಪು ಬಿಚ್ಚಿ, ಬೇಲಿಗಳ ನಡುವಿನ ಕಿರುದಾರಿಯಲ್ಲಿ ನಲವತ್ತು ಮೈಲಿ ವೇಗದಲ್ಲಿ ಹೋದಾಗ ನೂರರಲ್ಲಿ ಹೋದಷ್ಟು ಖುಷಿಯಾಯಿತು ಎಂಬುದನ್ನು ನಾನು ಅವಳೆದುರು ಹೇಳಿಲ್ಲ.

ಅಲ್ಲಿರುವ ನಮ್ಮವರು ಯಾರಾದರೂ ಇಂಥದ್ದನ್ನು ಕೊಳ್ಳುವ ಯೋಚನೆಯಲ್ಲಿದ್ದರೆ ಒಂದು ಮಾತು. ದುಡ್ಡು ಕೊಡುವ ಮುಂಚೆ, ಕಡ್ಡಾಯವಲ್ಲದಿದ್ದರೂ ಒಂದು ಎಂ.ಒ.ಟಿ. ಮಾಡಿಸಿ ಕೊಡಿ ಎಂದು ಮಾರುವವರನ್ನು ಕೇಳಿ. ಅದರ ಖರ್ಚು ಕಾರಿನ ಬೆಲೆಯ ಮುಂದೆ ಏನೂ ಅಲ್ಲ. ಒಪ್ಪಿದರೆ ಮಾತು ಮುಂದುವರಿಸಿ. ಒಪ್ಪದಿದ್ದರೆ ಅವರು ಕೊಟ್ಟ ಟೀ ಕುಡಿದು, ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ.